ಲಾಜವಂತಿ, ಬೂಢಿ ಕಾಕಿ ಮತ್ತು ನಮ್ಮ ಆಪಾ

ಕೆಲವು ವರ್ಷಗಳ ಹಿಂದೆ ನಾವೊಂದು ಕಥೆ ಬರೆದಿದ್ದೆವು. ಅದು ನಮ್ಮ ಆಪಾಳ ಕಥೆ. ಹೆಸರು ಬದಲಾಯಿಸಿದ್ದೆವು, ಊರು ಬದಲಾಯಿಸಿದ್ದೆವು. ಆದರೆ ಬೀಡಿ ಎಲೆಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕುಳಿತಿದ್ದ ಆ ಹುಡುಗಿ ಅವಳೇ. ಏಳನೇ ತರಗತಿ ಮುಗಿಯುವ ಮೊದಲೇ ಅವಳನ್ನು ಶಾಲೆ ಬಿಡಿಸಿದರು. ಅಬ್ಬಾನ ಕೆಲಸ ನಿಂತುಹೋಗಿತ್ತು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಓದಿಸಲು ಸಾಧ್ಯ ಎಂದು ಹಿರಿಯರು ಲೆಕ್ಕ ಹಾಕಿದರು. ಆ ಒಬ್ಬರು ನಾವಾದೆವು. ಆಪಾ ಕಟ್ಟಿದ ಬೀಡಿಯ ದುಡ್ಡಿನಲ್ಲಿ ನಮ್ಮ ಹೈಸ್ಕೂಲಿನ ಫೀಸು, ಕನ್ನಡ ನಿಘಂಟು ಮತ್ತು ಮೊದಲ ಜೋಡಿ ಬೂಟು ಬಂದವು. ಉರ್ದು ಶಾಲೆಯ ಹುಡುಗ ಕನ್ನಡದ ಕಥೆಗಾರನಾದದ್ದು ಹೀಗೆ.

ಕಥೆ ಒಂದು ವಿಶೇಷಾಂಕದಲ್ಲಿ ಅಚ್ಚಾಯಿತು. ಓದಿದವರು ಕಣ್ಣು ಒದ್ದೆಯಾಯಿತೆಂದರು. ಒಂದು ಸಭೆಯಲ್ಲಿ ನಮಗೆ ಶಾಲು ಹೊದಿಸಿ ಹಾರ ಹಾಕಿದರು. ಆಪಾಳಿಗೆ ಕನ್ನಡ ಅಕ್ಷರ ಓದಲು ಕಷ್ಟ, ಮಾತು ಪೂರ್ತಿ ತಿಳಿಯುತ್ತದೆ. ಅವಳ ಮಗಳು ಒಂದು ಸಂಜೆ ಕುಳಿತು ಕಥೆಯನ್ನು ಓದಿ ಹೇಳಿದಳಂತೆ. ಮುಂದಿನ ಸಲ ನಾವು ಹೋದಾಗ ಆಪಾ ಕೇಳಿದ್ದು ಒಂದೇ ಪ್ರಶ್ನೆ:

“ಅಲ್ಲೋ, ಇಡೀ ಕಥೆಯಲ್ಲಿ ನಾನು ಒಂದು ಸಲಾನೂ ನಗೋದಿಲ್ವಲ್ಲ, ಯಾಕೆ?”

ನಮ್ಮಲ್ಲಿ ಉತ್ತರವಿರಲಿಲ್ಲ. ಆಪಾ ನಗದೆ ಒಂದು ಗಂಟೆ ಇದ್ದದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಬೀಡಿ ಕಾಂಟ್ರಾಕ್ಟರು ಮೂಗಿನಲ್ಲಿ ಮಾತಾಡುವುದನ್ನು, ಪಕ್ಕದ ಮನೆಯ ಖಾಲಾ ಕೋಳಿಗಳಿಗೆ ಬೈಯುವುದನ್ನು ಅವಳು ನಟಿಸಿ ತೋರಿಸಿದರೆ ಅಮ್ಮಿ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಅದೆಲ್ಲವನ್ನೂ ನಾವು ಕಥೆಯಿಂದ ತೆಗೆದುಹಾಕಿದ್ದೆವು. ಅವಳ ನಗು ನಮ್ಮ ಅಳಲಿಗೆ ಅಡ್ಡ ಬರುತ್ತಿತ್ತು.

ಆಪಾ ಇನ್ನೊಂದು ಮಾತು ಸೇರಿಸಿದಳು. “ಈಗೀಗ ನೀನು ಬಂದರೆ ನೆಂಟರು ಬಂದ ಹಾಗಿರುತ್ತೆ. ಸೀರೆ ತರ್ತೀಯ, ಕವರಿನಲ್ಲಿ ದುಡ್ಡಿಡ್ತೀಯ, ಮೆಲ್ಲಗೆ ಮಾತಾಡ್ತೀಯ. ಸಾರಿಗೆ ಉಪ್ಪು ಜಾಸ್ತಿ ಆಗಿದ್ರೂ ಚೆನ್ನಾಗಿದೆ ಅಂತೀಯ.”

ಆ ರಾತ್ರಿ ಊರಿಗೆ ಮರಳುವ ಬಸ್ಸಿನಲ್ಲಿ ನಮಗೆ ಥಟ್ಟನೆ ನೆನಪಾದದ್ದು ರಾಜಿಂದರ್ ಸಿಂಗ್ ಬೇದಿಯವರ ‘ಲಾಜವಂತಿ’. ನಾವು ಕಾಲೇಜಿನ ದಿನಗಳಲ್ಲಿ ಓದಿ, ದೇಶ ವಿಭಜನೆಯ ಒಳ್ಳೆಯ ಕಥೆ ಎಂದು ಬದಿಗಿಟ್ಟಿದ್ದ ಕಥೆಯದು. ಮನೆಗೆ ಬಂದು ಉರ್ದುವಿನಲ್ಲಿ ಮತ್ತೊಮ್ಮೆ ಓದಿದೆವು. ಈ ಸಲ ಅದು ವಿಭಜನೆಯ ಕಥೆಯಾಗಿ ಕಾಣಲಿಲ್ಲ. ಪಶ್ಚಾತ್ತಾಪಪಟ್ಟ ಒಬ್ಬ ಗಂಡಸು ತನ್ನ ಎದುರಿಗಿರುವ ಸುಖವನ್ನು ಹೇಗೆ ಹಾಳುಮಾಡಿಕೊಳ್ಳುತ್ತಾನೆ ಎಂಬ ಕಥೆಯಾಗಿ ಕಂಡಿತು.

ಬೇದಿ 1915ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ಅಲ್ಲಿನ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 1947ರಲ್ಲಿ ಎಲ್ಲವನ್ನೂ ಬಿಟ್ಟು ಈ ಕಡೆಗೆ ಬಂದರು. ಆಮೇಲೆ ಮುಂಬೈ ಸಿನಿಮಾಗಳಿಗೆ ಸಂಭಾಷಣೆ ಬರೆದು ಬದುಕಿ 1984ರಲ್ಲಿ ತೀರಿಕೊಂಡರು. ‘ಏಕ್ ಚಾದರ್ ಮೈಲಿ ಸೀ’ ಕಿರುಕಾದಂಬರಿಗೆ 1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಅವರ ಹೆಸರು ಹೇಳಿದೊಡನೆ ಉರ್ದು ಓದುಗರಿಗೆ ಮೊದಲು ನೆನಪಾಗುವುದು ‘ಲಾಜವಂತಿ’ಯೇ ಇರಬೇಕು. ಲಾಜವಂತಿ ಎಂದರೆ ನಾಚಿಕೆಮುಳ್ಳು, ಮುಟ್ಟಿದರೆ ಮುನಿಯುವ ಗಿಡ. ಕಥೆಯ ನಾಯಕಿಯ ಹೆಸರೂ ಅದೇ. ಗಂಡ ಸುಂದರಲಾಲ್ ಅವಳನ್ನು ಲಾಜೋ ಎನ್ನುತ್ತಾನೆ.

ವಿಭಜನೆಯ ಗಲಭೆಯಲ್ಲಿ ಲಾಜೋಳನ್ನು ಅಪಹರಿಸಿ ಗಡಿಯಾಚೆಗೆ ಒಯ್ದಿದ್ದಾರೆ. ಗಂಡ ಒಂಟಿಯಾಗಿದ್ದಾನೆ. ಹಿಂದೆ ಅವನು ಅವಳಿಗೆ ಹೊಡೆಯುತ್ತಿದ್ದ. ಎದ್ದದ್ದಕ್ಕೆ, ಕೂತದ್ದಕ್ಕೆ, ಊಟ ತಡವಾದದ್ದಕ್ಕೆಲ್ಲ ಹೊಡೆಯುತ್ತಿದ್ದ. ಈಗ ಅದು ನೆನಪಾಗಿ ಒಳಗೇ ಬೇಯುತ್ತಾನೆ. ಒಮ್ಮೆ ಸಿಕ್ಕರೆ ಸಾಕು, ಎದೆಯಲ್ಲಿಟ್ಟು ನೋಡಿಕೊಳ್ಳುತ್ತೇನೆ ಎಂದುಕೊಳ್ಳುತ್ತಾನೆ. ಮುಲ್ಲಾ ಶಕೂರ್ ಮೊಹಲ್ಲಾದಲ್ಲಿ ಒಂದು ಸಮಿತಿ ಏರ್ಪಟ್ಟಿದೆ. ಮರಳಿ ಬಂದ ಹೆಂಗಸರನ್ನು ಮನೆಗೂ ಮನಸ್ಸಿಗೂ ಸೇರಿಸಿಕೊಳ್ಳಿ ಎಂದು ಸಾರುವುದು ಅದರ ಕೆಲಸ. ಸುಂದರಲಾಲನೇ ಅದರ ಕಾರ್ಯದರ್ಶಿ. ಬೆಳಗಿನ ಜಾವ ಗೆಳೆಯರೊಂದಿಗೆ ಬೀದಿಗಳಲ್ಲಿ ಹಾಡುತ್ತಾ ಮೆರವಣಿಗೆ ಹೋಗುತ್ತಾನೆ. ದೇವಸ್ಥಾನದಲ್ಲಿ ರಾಮಾಯಣ ಹೇಳುವವನು ಅಗಸನ ಮಾತು ಕೇಳಿ ಸೀತೆಯನ್ನು ಬಿಟ್ಟ ಪ್ರಸಂಗ ಎತ್ತಿದರೆ ಎದ್ದು ನಿಂತು ವಾದಿಸುತ್ತಾನೆ. (ಮೊಹಲ್ಲಾದ ಹೆಸರಿನಲ್ಲಿ ಮಾತ್ರ ಉಳಿದ ಆ ಮುಲ್ಲಾ ಶಕೂರನ ಮನೆಯವರು ಎಲ್ಲಿ ಹೋದರು ಎಂಬುದನ್ನು ಕಥೆ ಹೇಳುವುದಿಲ್ಲ. ನಮ್ಮಂಥ ಓದುಗರು ಅಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರರು.)

ಹೀಗಿರುವಾಗ ಲಾಜೋ ನಿಜವಾಗಿಯೂ ಬರುತ್ತಾಳೆ. ವಾಘಾ ಗಡಿಯಲ್ಲಿ ಹೆಂಗಸರ ಅದಲುಬದಲಿನಲ್ಲಿ ಅವಳನ್ನು ಕಂಡವನೊಬ್ಬ ಬಂದು ಹಚ್ಚೆಯ ಗುರುತು ಹೇಳುತ್ತಾನೆ. ಸುಂದರಲಾಲ್ ಓಡಿಹೋಗಿ ನೋಡುತ್ತಾನೆ. ಬೇದಿಯ ಕಣ್ಣು ಎಷ್ಟು ಹರಿತ ಎಂಬುದು ಇಲ್ಲಿ ಗೊತ್ತಾಗುತ್ತದೆ. ಅವಳು ದುಃಖದಲ್ಲಿ ಸೊರಗಿ ಕಡ್ಡಿಯಾಗಿರುತ್ತಾಳೆ ಎಂದು ಇವನು ಎಣಿಸಿದ್ದ. ಅವಳೋ ಮೈಕೈ ತುಂಬಿಕೊಂಡು, ಹಿಂದಿಗಿಂತ ಬೆಳ್ಳಗೆ, ದುಪಟ್ಟಾವನ್ನು ಮುಸಲ್ಮಾನ ಹೆಂಗಸರಂತೆ ಹೊದ್ದು ನಿಂತಿದ್ದಾಳೆ. ಇವನಿಗೆ ಪೆಟ್ಟು ಬಿದ್ದಂತಾಗುತ್ತದೆ. ಅವಳು ಬದುಕಿದ್ದಾಳೆ ಎಂಬ ಸಂತೋಷಕ್ಕಿಂತ ಮೊದಲು, ತನ್ನ ಕೊರಗು ಕಲ್ಪಿಸಿಕೊಂಡಿದ್ದ ಹೆಂಗಸು ಇವಳಲ್ಲ ಎಂಬ ಕಸಿವಿಸಿ. ಆದರೂ ಮಾತಿಗೆ ತಪ್ಪದೆ ಮನೆಗೆ ಕರೆತರುತ್ತಾನೆ. ಜನರ ಕುಹಕಕ್ಕೆ ಬಗ್ಗುವುದಿಲ್ಲ. ಅವನು ಕೆಟ್ಟವನಲ್ಲ ಎಂಬುದನ್ನು ಬೇದಿ ಒಂದು ಕ್ಷಣವೂ ಮರೆಯಗೊಡುವುದಿಲ್ಲ, ಕಥೆಯ ಬಲವೇ ಅದು.

ಒಮ್ಮೆ ಮಾತ್ರ ಅವನು ಅವಳನ್ನು ಕೇಳುತ್ತಾನೆ, ಯಾರವನು ಎಂದು. ಅವಳು ಹೆಸರು ಹೇಳುತ್ತಾಳೆ: ಜುಮ್ಮಾ. ಹೊಡೆಯುತ್ತಿದ್ದನೇ? ಇಲ್ಲ. ಅವನು ಹೊಡೆಯದಿದ್ದರೂ ಅವನೆಂದರೆ ಹೆದರಿಕೆಯಾಗುತ್ತಿತ್ತು, ನೀವು ಹೊಡೆದರೂ ನಿಮ್ಮ ಬಗ್ಗೆ ಹೆದರಿಕೆಯಿರಲಿಲ್ಲ ಎಂಬರ್ಥದ ಮಾತು ಹೇಳಿ, ಇನ್ನು ಹೊಡೆಯುವುದಿಲ್ಲವಲ್ಲ ಎಂದು ಕೇಳುತ್ತಾಳೆ. ಗಂಡನ ಕಣ್ಣು ತುಂಬಿ ಬರುತ್ತದೆ. ಇಲ್ಲ ದೇವಿ, ಇನ್ನೆಂದೂ ಹೊಡೆಯುವುದಿಲ್ಲ ಎನ್ನುತ್ತಾನೆ. ಅವಳು ಎಲ್ಲವನ್ನೂ ಹೇಳಿಬಿಡಬೇಕು ಎಂದು ಬಾಯಿ ತೆರೆದರೆ, ಆದದ್ದು ಆಗಿಹೋಯಿತು, ಬಿಟ್ಟುಬಿಡು ಎನ್ನುತ್ತಾನೆ.

ಎಲ್ಲವೂ ಕೆಡುವುದು ಇಲ್ಲಿಯೇ. ಹೇಳಬೇಕಾಗಿದ್ದ ಮಾತು ಲಾಜೋಳ ಒಳಗೇ ಉಳಿಯುತ್ತದೆ. ಅವಳಿಗೆ ಮನೆ ಸಿಕ್ಕಿತು, ಗೌರವ ಸಿಕ್ಕಿತು, ಹಿಂದೆಂದೂ ಇಲ್ಲದ ಮೃದು ಮಾತು ಸಿಕ್ಕಿತು. ಅವಳಿಗೆ ಬೇಕಾಗಿದ್ದದ್ದು ಬೇರೆ. ಸಣ್ಣದೊಂದು ನೆಪಕ್ಕೆ ಜಗಳವಾಡಿ ಇನ್ನೊಂದು ನೆಪಕ್ಕೆ ರಾಜಿಯಾಗುತ್ತಿದ್ದ ಹಳೆಯ ಲಾಜೋ ಆಗಬೇಕಿತ್ತು ಅವಳಿಗೆ. ಮುಟ್ಟಿದರೆ ಒಡೆದೀತು ಎಂಬಂತೆ ಗಂಡ ನೋಡಿಕೊಳ್ಳುವಾಗ ಹಾಗಾಗುವುದು ಹೇಗೆ? ಅವಳು ಕನ್ನಡಿಯ ಮುಂದೆ ನಿಂತು ತನ್ನನ್ನೇ ಹುಡುಕುತ್ತಾಳೆ.

ಇಲ್ಲಿ ಅಪಾರ್ಥವಾಗಬಾರದು. ಬೇದಿ ಹೊಡೆತವನ್ನು ಸಮರ್ಥಿಸುತ್ತಿದ್ದಾರೆ ಎಂದು ದೂರುವವರನ್ನು ನಾವು ಕಂಡಿದ್ದೇವೆ. ಹೊಡೆಯುವವನೇ ಗಂಡಸು ಎಂದು ಹಳ್ಳಿಯ ಹೆಣ್ಣುಮಕ್ಕಳು ನಂಬಿದ್ದರು ಎಂದು ಕಥೆ ಹೇಳುವ ರೀತಿಯಲ್ಲಿ ಒಂದಿಷ್ಟು ಸಲಿಗೆ ಇದೆ, ಅದು ನಮಗೂ ಇರಿಸುಮುರಿಸು ಉಂಟುಮಾಡುತ್ತದೆ. ಆದರೆ ಲಾಜೋ ಬಯಸುವುದು ಹೊಡೆತವನ್ನಲ್ಲ, ಸಮಾನಳಾಗಿ ಜಗಳವಾಡುವ ಹಕ್ಕನ್ನು. ಹೊಡೆಯುವಾಗ ಸುಂದರಲಾಲ್ ಅವಳ ಮಾತು ಕೇಳಲಿಲ್ಲ, ಪೂಜಿಸುವಾಗಲೂ ಕೇಳಲಿಲ್ಲ. ಎರಡು ಕಾಲದಲ್ಲೂ ಅವನ ಮನಸ್ಸು ನೆಟ್ಟಿದ್ದು ತನ್ನ ಮೇಲೆಯೇ. ಮೊದಲು ಅವನ ಸಿಟ್ಟು, ಆಮೇಲೆ ಅವನ ಒಳ್ಳೆಯತನ.

ಸರಕಾರ ಮಾಡಿದ್ದೂ ಇದನ್ನೇ. 1947ರ ಡಿಸೆಂಬರಿನಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಯಿತು. 1949ರಲ್ಲಿ ಭಾರತ ಅಪಹೃತರ ಪತ್ತೆ ಮತ್ತು ಮರಳಿಸುವಿಕೆಗೆಂದೇ ಕಾಯ್ದೆ ಮಾಡಿತು. ಮುಂದಿನ ವರ್ಷಗಳಲ್ಲಿ ಎರಡೂ ಕಡೆ ಸೇರಿ ಸುಮಾರು 30 ಸಾವಿರ ಹೆಂಗಸರನ್ನು ಪತ್ತೆ ಹಚ್ಚಿ ಗಡಿ ದಾಟಿಸಲಾಯಿತು. ಅವರಲ್ಲಿ ಹೆಚ್ಚಿನವರು ಈ ಕಡೆಯಿಂದ ಆ ಕಡೆಗೆ ಹೋದ ಮುಸ್ಲಿಮ್ ಹೆಂಗಸರು. ನೀನು ಎಲ್ಲಿರಬಯಸುತ್ತೀಯೆ ಎಂದು ಅವರನ್ನು ಕೇಳುವ ಅಗತ್ಯ ಆ ಕಾಯ್ದೆಗಿರಲಿಲ್ಲ. ಊರ್ವಶಿ ಬುಟಾಲಿಯಾ, ರಿತು ಮೆನನ್ ಮತ್ತು ಕಮಲಾ ಭಾಸಿನ್ ಅವರ ಪುಸ್ತಕಗಳು 1998ರಲ್ಲಿ ಬಂದ ಮೇಲೆ ಈ ವಿಷಯ ವಿಸ್ತಾರವಾಗಿ ಚರ್ಚೆಯಾಯಿತು. ಬೇದಿ ಅದಕ್ಕಿಂತ ದಶಕಗಳ ಮೊದಲೇ ಒಂದು ಮನೆಯ ನಾಲ್ಕು ಗೋಡೆಯೊಳಗೆ ಅದನ್ನು ಕಂಡಿದ್ದರು.

ಉರ್ದುವಿನಲ್ಲಿ ಈ ಭಾವಕ್ಕೆ ಹಲವು ಶಬ್ದಗಳಿವೆ. ಸಾವಿನ ಮನೆಯಲ್ಲಿ ಹೇಳುವುದೂ ಅಫ್ಸೋಸ್, ಬಸ್ಸು ತಪ್ಪಿದಾಗ ಹೇಳುವುದೂ ಅಫ್ಸೋಸ್. ಕೈಗೂಡದೆ ಉಳಿದ ಆಸೆ ಹಸ್ರತ್. ಮಾಡಿದ್ದನ್ನು ನೆನೆದು ಬೇಯುವುದು ಪಛ್ತಾವಾ. ಇನ್ನೊಂದು ನದಾಮತ್, ಅಂದರೆ ತಪ್ಪಿನ ಅರಿವಿನಿಂದ ತಲೆ ತಗ್ಗುವುದು. ಕನ್ನಡದಲ್ಲಿ ಕೊರಗು, ಹಳಹಳಿಕೆ, ಪೇಚಾಟ ಇವೆ, ಸಂಸ್ಕೃತದಿಂದ ಬಂದ ಪಶ್ಚಾತ್ತಾಪವಿದೆ. ಆಮೇಲೆ ಬರುವ ತಾಪ ಎಂದು ಅದರ ಅರ್ಥ. ಪಂಡಿತರು ಏನನ್ನುತ್ತಾರೋ ತಿಳಿಯದು, ನಮ್ಮ ಕಿವಿಗಂತೂ ಒಂದು ವ್ಯತ್ಯಾಸ ಕೇಳಿಸುತ್ತದೆ. ತಾಪವನ್ನು ಒಬ್ಬನೇ ಕುಳಿತು ಅನುಭವಿಸಬಹುದು. ತಲೆ ತಗ್ಗಿಸಲು ಎದುರಿಗೊಬ್ಬರು ಬೇಕು.

ತೌಬಾದ ವಿಷಯದಲ್ಲಿಯೂ ಇದೇ ಭೇದವಿದೆ. ಇಮಾಮ್ ನವವಿಯವರು ‘ರಿಯಾಝುಸ್ಸಾಲಿಹೀನ್’ನಲ್ಲಿ ತೌಬಾಕ್ಕೆ ಷರತ್ತುಗಳನ್ನು ಹೇಳುತ್ತಾ, ತಪ್ಪು ಬಿಡುವುದು, ಅದಕ್ಕಾಗಿ ನೊಂದುಕೊಳ್ಳುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು ಎಂಬ ಮೂರನ್ನು ಎಣಿಸುತ್ತಾರೆ. ಆ ತಪ್ಪಿನಲ್ಲಿ ಇನ್ನೊಬ್ಬ ಮನುಷ್ಯನ ಹಕ್ಕು ಸೇರಿದ್ದರೆ ನಾಲ್ಕನೆಯದೊಂದು ಬೇಕು: ಅವನದನ್ನು ಅವನಿಗೆ ಮುಟ್ಟಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು. ಮದ್ರಸದ ಮೌಲ್ವಿ ಸಾಹೇಬರು ನಮಗೆ ಇದನ್ನು ಸೀಬೆಹಣ್ಣಿನ ಉದಾಹರಣೆಯಿಂದ ಹೇಳುತ್ತಿದ್ದರು. ಕದ್ದ ಹಣ್ಣಿಗಾಗಿ ರಾತ್ರಿಯಿಡೀ ಅತ್ತರೂ ಬೆಳಗಾದರೆ ಮರದ ಯಜಮಾನನ ಬಾಗಿಲು ತಟ್ಟಲೇಬೇಕು ಎಂದು. ಆ ಯಜಮಾನ ದೊಣ್ಣೆ ಇಟ್ಟುಕೊಂಡಿದ್ದ, ಆದ್ದರಿಂದ ನಾವು ರಾತ್ರಿ ಅಳುವುದನ್ನೇ ಆರಿಸಿಕೊಳ್ಳುತ್ತಿದ್ದೆವು. ನಮ್ಮ ಬರವಣಿಗೆಯಲ್ಲಿಯೂ ಅದನ್ನೇ ಮುಂದುವರಿಸಿದ್ದೇವೆಯೋ ಏನೋ.

ಬಾಗಿಲು ತಟ್ಟಿದ ಕಥೆಯೂ ಒಂದಿದೆ. ಅದು ಪ್ರೇಮಚಂದರ ‘ಬೂಢಿ ಕಾಕಿ’. ನಾವು ಅದನ್ನು ಮೊದಲು ಕೇಳಿದ್ದು ಉರ್ದು ಶಾಲೆಯಲ್ಲಿ, ಮೇಷ್ಟ್ರು ಓದಿ ಹೇಳಿದಾಗ. ಮುದುಕಿಯ ಪೂರಿಯಾಸೆ ಕೇಳಿ ಇಡೀ ತರಗತಿ ನಕ್ಕಿತ್ತು. ಮೇಷ್ಟ್ರು ನಗಲು ಬಿಟ್ಟರು. ಕೊನೆಗೆ ಬಂದಾಗ ಯಾರೂ ನಗುತ್ತಿರಲಿಲ್ಲ.

ಮುದುಕಿ ತನ್ನ ಆಸ್ತಿಯನ್ನೆಲ್ಲ ಗಂಡನ ಕಡೆಯ ಹುಡುಗ ಬುದ್ಧಿರಾಮನಿಗೆ ಬರೆದುಕೊಟ್ಟಿದ್ದಾಳೆ. ಬರೆಸಿಕೊಳ್ಳುವಾಗ ಆಡಿದ ಮಾತು ಆಮೇಲೆ ಅವನಿಗೆ ನೆನಪಿಲ್ಲ. ಈಗ ಅವಳಿಗೆ ಹೊಟ್ಟೆ ತುಂಬ ಊಟವೂ ಇಲ್ಲ. ಮನೆಯಲ್ಲಿ ಅವಳನ್ನು ಪ್ರೀತಿಸುವುದು ಪುಟ್ಟ ಹುಡುಗಿ ಲಾಡ್ಲಿ ಒಬ್ಬಳೇ. ಬುದ್ಧಿರಾಮನ ಮಗನ ತಿಲಕದ ದಿನ ಮನೆ ತುಂಬ ನೆಂಟರು. ಕರಿಯುವ ಪೂರಿ ಕಚೋರಿಯ ವಾಸನೆ ಕತ್ತಲೆಯ ಕೋಣೆಗೂ ಬರುತ್ತದೆ. ಕಾಕಿ ತೆವಳಿಕೊಂಡು ಬಂದು ಬಾಣಲೆಯ ಬಳಿ ಕೂರುತ್ತಾಳೆ. ಸೊಸೆ ರೂಪಾ ಬೈದು ಅಟ್ಟುತ್ತಾಳೆ. ಮತ್ತೆ ಬಂದಾಗ ಬುದ್ಧಿರಾಮ ನೆಂಟರೆದುರೇ ಎಳೆದೊಯ್ದು ಕೋಣೆಯಲ್ಲಿ ಕೆಡವುತ್ತಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲಾಡ್ಲಿ ತನ್ನ ಪಾಲಿನ ಪೂರಿಗಳನ್ನು ಗೊಂಬೆಯ ಬುಟ್ಟಿಯಲ್ಲಿ ತಂದು ಕೊಡುತ್ತಾಳೆ. ಅದು ಸಾಲದು. ನೆಂಟರು ಉಂಡ ಜಾಗಕ್ಕೆ ಕರೆದುಕೊಂಡು ಹೋಗು ಎಂದು ಮುದುಕಿ ಕೇಳುತ್ತಾಳೆ. ಎಚ್ಚರವಾಗಿ ಹೊರಗೆ ಬಂದ ರೂಪಾಳ ಕಣ್ಣಿಗೆ ಬೀಳುವುದು ಎಂಜಲೆಲೆಗಳಿಂದ ಚೂರುಗಳನ್ನು ಹೆಕ್ಕಿ ತಿನ್ನುತ್ತಿರುವ ಕಾಕಿ.

ರೂಪಾ ನಡುಗುತ್ತಾಳೆ. ಈ ಮುದುಕಿಯ ಆಸ್ತಿಯಿಂದಲೇ ವರ್ಷವರ್ಷ ತಮ್ಮ ಮನೆಗೆ ಆದಾಯ ಬರುತ್ತಿದೆ ಎಂಬುದು ನೆನಪಾಗುತ್ತದೆ, ದೇವರ ಭಯವಾಗುತ್ತದೆ. ಹಾಗಂತ ಅವಳು ಅಲ್ಲಿಯೇ ಕುಸಿದು ಕೂರುವುದಿಲ್ಲ. ದೀಪ ಹಚ್ಚುತ್ತಾಳೆ, ಉಗ್ರಾಣದ ಬಾಗಿಲು ತೆರೆಯುತ್ತಾಳೆ, ತಟ್ಟೆ ತುಂಬ ಬಡಿಸಿಕೊಂಡು ಕಾಕಿಯ ಮುಂದೆ ಇಡುತ್ತಾಳೆ, ತಪ್ಪಾಯಿತು ಎನ್ನುತ್ತಾಳೆ. ಕಾಕಿ ಏನು ಮಾಡುತ್ತಾಳೆ? ಊಟ ಮಾಡುತ್ತಾಳೆ. ಪೆಟ್ಟು ತಿಂದ ಮಗು ಮಿಠಾಯಿ ಸಿಕ್ಕೊಡನೆ ಎಲ್ಲವನ್ನೂ ಮರೆತಂತೆ ಖುಷಿಯಿಂದ ಊಟ ಮಾಡುತ್ತಾಳೆ. ರೂಪಾ ಪಕ್ಕದಲ್ಲಿ ಕುಳಿತು ಅವಳು ಉಣ್ಣುವುದನ್ನು ನೋಡುತ್ತಾ ತಾನೂ ಸುಖಪಡುತ್ತಾಳೆ.

ಸುಂದರಲಾಲನ ಮನೆಯಲ್ಲಿ ಇಲ್ಲದ್ದು ಇದು. ರೂಪಾ ಕಾಕಿಯನ್ನು ದೇವಿ ಮಾಡಲಿಲ್ಲ. ಇವಳಿಗೆ ಈಗ ಏನು ಬೇಕು ಎಂದು ನೋಡಿದಳು. ಬೇಕಾಗಿದ್ದದ್ದು ಪೂರಿ. ಅಷ್ಟು ಸಣ್ಣದನ್ನು ಕೊಡಲು ದೊಡ್ಡ ಪಶ್ಚಾತ್ತಾಪಗಳಿಗೆ ನಾಚಿಕೆಯಾಗುತ್ತದೆ. ಸಮಿತಿ ಕಟ್ಟುವುದು, ಭಾಷಣ ಮಾಡುವುದು, ಕಥೆ ಬರೆಯುವುದು ಅವಕ್ಕೆ ಸುಲಭ.

ಆದರೆ ಪ್ರೇಮಚಂದರನ್ನು ಸುಮ್ಮನೆ ಬಿಡುವುದೂ ಸರಿಯಲ್ಲ. ತಟ್ಟೆ ಬಂತು, ಆಸ್ತಿ ಬರಲಿಲ್ಲ. ಕಾಕಿಯನ್ನು ಎಳೆದು ಕೆಡವಿದ ಬುದ್ಧಿರಾಮ ಒಳಗೆ ನಿದ್ದೆ ಮಾಡುತ್ತಿದ್ದಾನೆ, ಕಾಗದಪತ್ರ ಅವನ ಬಳಿ ಭದ್ರವಾಗಿದೆ. ಮನೆಯ ಗಂಡಸು ಮಾಡಿದ ಮೋಸಕ್ಕೆ ಮನೆಯ ಹೆಂಗಸು ಕ್ಷಮೆ ಕೇಳಿ ಕಥೆ ಮುಗಿಯುವುದು ನಮ್ಮ ಕುಟುಂಬಗಳಲ್ಲಿ ಇಂದಿಗೂ ನಡೆಯುವುದೇ. ನಾಳೆ ಬೆಳಿಗ್ಗೆ ಕಾಕಿಗೆ ಊಟ ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಲೇಖಕರಿಗೆ ಹೊಳೆದಿರಲಿಲ್ಲ ಎನ್ನಲಾರೆವು. ಅವರು ಕೇಳಬೇಕಿತ್ತು. ಒಂದು ಹೊತ್ತಿನ ಆನಂದಕ್ಕೆ ಬೆಲೆಯಿಲ್ಲ ಎಂದಲ್ಲ, ಅದಕ್ಕೆ ಎಷ್ಟು ಬೆಲೆಯೋ ಅಷ್ಟೇ ಕಟ್ಟಬೇಕು.

ಈಗ ನಮ್ಮ ಕನ್ನಡಕ್ಕೆ ಬರೋಣ. ಮುಸ್ಲಿಮರ ಬದುಕನ್ನು ಕುರಿತು ನಮ್ಮಲ್ಲಿ ಬಂದ ಕೃತಿಗಳಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮುಖ್ಯವಾದುದು. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗಿನಿಂದ ಅದರ ಸುತ್ತ ನಡೆದ ವಾದವೆಲ್ಲ ತಲಾಖ್ ಕುರಿತೇ. ಇದು ಸಮುದಾಯದ ವಿರುದ್ಧವೋ ಪರವೋ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. ಲೇಖಕಿ 2023ರ ಜನವರಿಯಲ್ಲಿ ತೀರಿಕೊಂಡಾಗ ಬಂದ ಲೇಖನಗಳಲ್ಲಿಯೂ ನಾವು ಓದಿದ್ದು ಹೆಚ್ಚಾಗಿ ಅದನ್ನೇ. ನಾದಿರಾಳ ಅಪ್ಪ ಮಹಮ್ಮದ್ ಖಾನನ ಪಶ್ಚಾತ್ತಾಪದ ಬಗ್ಗೆ ಯಾರಾದರೂ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಳಿಯನ ಮೇಲಿನ ಹಟಕ್ಕೆ ಮಗಳನ್ನು ಮನೆಗೆ ತಂದು ಕೂರಿಸಿ ತಲಾಖ್ ಮಾಡಿಸಿದವನು ಅವನೇ. ಗಂಡ ಹೆಂಡತಿ ಇಬ್ಬರಿಗೂ ಬೇಡವಾಗಿದ್ದ ತಲಾಖ್ ಅದು. ಮುಂದೆ ಅವನ ಮನಸ್ಸು ಕರಗುತ್ತದೆ, ಮಗಳು ಗಂಡನನ್ನು ಸೇರಲಿ ಎಂದು ಬಯಸುತ್ತಾನೆ. ಅಷ್ಟರಲ್ಲಿ ದಾರಿ ಮುಚ್ಚಿದೆ. ಮರಳಿ ರಶೀದನನ್ನು ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಷರತ್ತು ಎದುರಿಗಿದೆ. ಅಪ್ಪನ ತಪ್ಪಿಗೆ ಮಗಳ ಮೈ ದಂಡ ಕಟ್ಟಬೇಕು. ಕಾದಂಬರಿ ಮಸೀದಿಯ ಕೊಳದಲ್ಲಿ ಮುಗಿಯುತ್ತದೆ.

ಅಪ್ಪನ ಪಶ್ಚಾತ್ತಾಪ ಸುಳ್ಳೆಂದು ನಮಗನಿಸುವುದಿಲ್ಲ. ಅದು ಬಂದ ಮೇಲೂ ನಿನಗೇನು ಬೇಕು ಎಂದು ನಾದಿರಾಳ ಮಾತಿಗೆ ಕಿವಿಗೊಡುವವರು ಆ ಮನೆಯಲ್ಲಿಲ್ಲ, ಅದು ಭಯಂಕರ. ಸಿಟ್ಟಿನಲ್ಲಿ ಅವಳ ಪರವಾಗಿ ತೀರ್ಮಾನಿಸಿದವರೇ ಕರುಣೆಯಲ್ಲಿಯೂ ಅವಳ ಪರವಾಗಿ ತೀರ್ಮಾನಿಸುತ್ತಾರೆ. ಪಂಜಾಬಿನ ಮೊಹಲ್ಲಾ ಮತ್ತು ಕಾಸರಗೋಡಿನ ಹೊಳೆದಂಡೆ ಇಲ್ಲಿ ಪಕ್ಕಪಕ್ಕದಲ್ಲಿವೆ.

ಸಾರಾ ಅವರ ನಂತರ ಬರೆದ ನಮ್ಮಂಥವರ ಸಂಗತಿ ಇದಕ್ಕಿಂತ ಕಷ್ಟದ್ದು. ಅವರು ಕಂಡು ಬರೆದದ್ದನ್ನು ನಾವು ಅಚ್ಚು ಮಾಡಿಕೊಂಡೆವು. ಬೀಡಿ ಕಟ್ಟುವ ಅಕ್ಕ, ಹೊಲಿಗೆ ಯಂತ್ರದ ಮುಂದೆ ಮುದುಕಿಯಾದ ತಾಯಿ, ಶಾಲೆ ಬಿಟ್ಟ ತಂಗಿ, ಇವರೆಲ್ಲ ನಮ್ಮ ಕಥೆಗಳಲ್ಲಿ ಬರುತ್ತಾರೆ, ಮೌನವಾಗಿ ದುಡಿಯುತ್ತಾರೆ, ಕೊನೆಯ ಪ್ಯಾರಾದಲ್ಲಿ ಓದಿದ ಮಗ ಅಥವಾ ತಮ್ಮ ಪೇಟೆಯಿಂದ ಬಂದು ಅಳುತ್ತಾನೆ. ಓದುಗ ಅವನ ಜೊತೆ ಅಳುತ್ತಾನೆ. ಆ ಹೆಂಗಸು ಅಂದು ಮಧ್ಯಾಹ್ನ ಏನು ಉಂಡಳು, ಯಾವ ಸೀರಿಯಲ್ ನೋಡಿದಳು, ಯಾರ ಮೇಲೆ ಚಾಡಿ ಹೇಳಿ ನಕ್ಕಳು ಎಂಬುದು ಕಥೆಗೆ ಬೇಡ. ಇದಕ್ಕೆ ಅಪವಾದಗಳಿವೆ. ಬೊಳುವಾರು ಅವರ ಮುತ್ತುಪ್ಪಾಡಿಯ ಜನ ಬಡತನದಲ್ಲಿಯೂ ತಮಾಷೆ ಬಿಟ್ಟವರಲ್ಲ. ಬಾನು ಮುಷ್ತಾಕ್ ಅವರ ಕಥೆಗಳಲ್ಲಿ ನೋವಿನ ಪಕ್ಕದಲ್ಲೇ ಚುಚ್ಚುವ ಹಾಸ್ಯವಿದೆ. ಅವರ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ನೋವಿನ ಮಾತನ್ನೇ ಆಡಿದರು, ಹಾಸ್ಯದ ಮಾತು ಕಡಿಮೆ. ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆಯುವ ಜಾಗವನ್ನು ಗಮನಿಸಬೇಕು. ತನ್ನ ದುಃಖದಲ್ಲಿ ಮುಳುಗಿದ್ದವಳಿಗೆ ಆಗ ಎದುರಿಗಿರುವ ಮಗು ಕಾಣಿಸುತ್ತದೆ. ಆ ತಾಯಿ ಕ್ಷಮೆ ಕೇಳುವುದು ಮಗಳನ್ನು, ಆ ಕ್ಷಣದಲ್ಲಿ, ಆ ಅಂಗಳದಲ್ಲಿ.

ನಮ್ಮ ಕಥೆಯ ಮಾತಿಗೆ ಬಂದರೆ, ಅದು ಸುಂದರಲಾಲ್ ಬರೆದ ಕಥೆ. ಈಗ ಓದಿದರೆ ಪ್ರತಿ ಪುಟದಲ್ಲಿಯೂ ತಮ್ಮನ ನಿಟ್ಟುಸಿರು ಕೇಳುತ್ತದೆ, ಅಕ್ಕನ ಮಾತು ಕೇಳುವುದಿಲ್ಲ. ಭಾಷೆ ಚೆನ್ನಾಗಿದೆ ಎಂದು ಆಗ ಹೊಗಳಿದವರಿದ್ದರು. ಭಾಷೆ ಚೆನ್ನಾಗಿಯೇ ಇದೆ. ಆಪಾಳ ಬೀಡಿಯ ದುಡ್ಡಿನಲ್ಲಿ ಕೊಂಡ ನಿಘಂಟಿನಿಂದ ಬಂದದ್ದಲ್ಲವೇ?

ಕಳೆದ ರಂಜಾನಿನಲ್ಲಿ ಎರಡು ದಿನ ಅವಳ ಮನೆಯಲ್ಲಿದ್ದೆವು. ಮಗಳು ಈಗ ನರ್ಸಾಗಿದ್ದಾಳೆ, ರಾತ್ರಿ ಪಾಳಿಗೆ ಹೋಗಿದ್ದಳು. ಮೊಮ್ಮಗ ಅಜ್ಜಿಯ ಮೊಬೈಲು ಹಿಡಿದುಕೊಂಡು ಮಲಗಿದ್ದ. ಇಫ್ತಾರ್ ಮುಗಿದು ಚಹಾದ ಲೋಟ ಹಿಡಿದು ಕುಳಿತಿದ್ದಾಗ, ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದೆವು: ಶಾಲೆ ಬಿಡಿಸಿದಾಗ ನಿನಗೇನನ್ನಿಸಿತು?

“ಮೊದಲನೇ ತಿಂಗಳು ಖುಷಿಯಾಗಿತ್ತು ಕಣೋ,” ಅಂದಳು. “ಲೆಕ್ಕದ ಮೇಷ್ಟ್ರ ಕೈಯಿಂದ ತಪ್ಪಿಸಿಕೊಂಡೆ ಅಂತ. ಬೀಡಿ ಕಟ್ಟೋ ಕಡೆ ಎಲ್ಲ ಹುಡುಗಿಯರೇ, ದಿನಾ ಹಾಡು, ಹರಟೆ. ನಿನಗೆ ಮಾತ್ರ ಇನ್ನೂ ಮಗ್ಗಿ ಬಾಯಿಪಾಠ ಅಂತ ನಗ್ತಿದ್ದೆ.”

ನಾವು ಸುಮ್ಮನಿದ್ದೆವು. ಅವಳು ಲೋಟವನ್ನು ಕೆಳಗಿಟ್ಟಳು.

“ಆಮೇಲೆ ಜೂನ್ ಬಂತು. ನನ್ನ ಜೊತೆಯವರು ಹೊಸ ಯೂನಿಫಾರಂ ಹಾಕ್ಕೊಂಡು ಹೈಸ್ಕೂಲಿಗೆ ಹೋದ್ರು. ನಾನು ಬಾಗಿಲಲ್ಲಿ ಕೂತಿದ್ದೆ. ಒಬ್ಬಳು ಕೈ ಬೀಸಿದಳು, ನಾನು ಎಲೆ ಕತ್ತರಿಸ್ತಾ ಇದ್ದ ಕತ್ತರಿ ಕೆಳಗಿಟ್ಟು ಒಳಗೆ ಹೋದೆ. ಅವತ್ತು ನಿನ್ನ ಮೇಲೆ ಬಹಳ ಸಿಟ್ಟು ಬಂತು. ನಿನ್ನ ಕಾಪಿಯಿಂದ ಎರಡು ಹಾಳೆ ಹರಿದು ಒಲೆಗೆ ಹಾಕಿದೆ. ಬೆಳಿಗ್ಗೆ ನೀನು ಮೇಷ್ಟ್ರ ಹತ್ರ ಏಟು ತಿಂದು ಬಂದೆ, ನೆನಪಿದೆಯಾ?”

ನೆನಪಿತ್ತು. ಹಾಳೆ ಹರಿದವರು ಯಾರೆಂದು ಅಂದಿನಿಂದ ಇಂದಿನವರೆಗೆ ಗೊತ್ತಿರಲಿಲ್ಲ. ಆದದ್ದು ಆಗಿಹೋಯಿತು ಬಿಡು ಎಂಬ ಮಾತು ಬಾಯಿಗೆ ಬಂದಿತ್ತು. ಕಷ್ಟಪಟ್ಟು ನುಂಗಿದೆವು. ಅವಳಿಗೆ ಹೇಳುವುದಿನ್ನೂ ಇತ್ತು. ತರಾವೀಹ್ ಮುಗಿಸಿ ಜನ ಮನೆಗೆ ಹೋಗುವ ಸದ್ದು ಬೀದಿಯಲ್ಲಿ ಕೇಳಿಸುವವರೆಗೂ ಹೇಳುತ್ತಲೇ ಇದ್ದಳು. ಕೆಲವು ಮಾತುಗಳಿಗೆ ನಮ್ಮ ತಲೆ ತಗ್ಗಿತು. ಕೆಲವಕ್ಕೆ ಇಬ್ಬರೂ ಜೋರಾಗಿ ನಕ್ಕು ಮೊಮ್ಮಗನ ನಿದ್ದೆ ಕೆಡಿಸಿದೆವು.

ಇದನ್ನು ಬರೆಯಬಹುದೇ ಎಂದು ಕೇಳಿದ್ದಕ್ಕೆ, ಹಾಳೆ ಹರಿದದ್ದನ್ನು ಖಂಡಿತ ಬರಿ, ಲೆಕ್ಕದ ಮೇಷ್ಟ್ರ ಹೆಸರು ಮಾತ್ರ ಬೇಡ, ಅವರ ಮಕ್ಕಳು ಇದೇ ಊರಲ್ಲಿದ್ದಾರೆ ಅಂದಳು. ಆಮೇಲೆ ಲೋಟಗಳನ್ನು ನೋಡಿ ಗದರಿದಳು: “ಮಾತಲ್ಲಿ ಚಹಾ ಆರಿಹೋಯ್ತು. ಎದ್ದು ಬಿಸಿ ಮಾಡ್ಕೊಂಡು ಬಾ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೇಳ್ಬೇಡ, ಹುಡುಕು.”

ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.